ಹುಲ್ಲುಹಾಸಿನ ವ್ಯಾಪಾರ: ಬೀಜವೋ, ಹಾಳೆಯೋ?

ಗೃಹಪ್ರವೇಶಕ್ಕೆ ಇನ್ನು ಹತ್ತು ದಿನಗಳಿವೆ ಎನ್ನುವಾಗ ಮನೆಯ ಮುಂದಿನ ಬೋಳು ನೆಲ ಯಜಮಾನರ ಕಣ್ಣಿಗೆ ಬೀಳುತ್ತದೆ. ಗೋಡೆಗೆ ಬಣ್ಣ, ಒಳಗೆ ಗ್ರಾನೈಟು, ಗೇಟಿಗೆ ಪಾಲಿಶು ಎಲ್ಲವೂ ಮುಗಿದಿರುತ್ತದೆ. ಮಣ್ಣಿನ ಕಡೆಗೆ ಮಾತ್ರ ಯಾರೂ ನೋಡಿರುವುದಿಲ್ಲ. ಆಗ ನರ್ಸರಿಗೆ ಅಥವಾ ತೋಟದ ಗುತ್ತಿಗೆದಾರರಿಗೆ ಕರೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಮಿನಿ ಲಾರಿಯೊಂದು ಬಂದು ನಿಲ್ಲುತ್ತದೆ. ಆಳುಗಳು ಚೌಕ ಚೌಕವಾಗಿ ಕತ್ತರಿಸಿ ತಂದ ಹುಲ್ಲನ್ನು ಇಳಿಸಿ, ಸಾಲಾಗಿ ಹಾಸಿ, ನೀರು ಚಿಮುಕಿಸಿ, ಸಂಜೆಗೆ ಹಣ ಎಣಿಸಿಕೊಂಡು ಹೋಗುತ್ತಾರೆ. ಇಷ್ಟು ವೇಗವಾಗಿ ಮುಗಿಯುವ ವ್ಯವಹಾರದಲ್ಲಿ ಒಂದು ಪ್ರಶ್ನೆಯನ್ನು ಮಾರುವವರೂ ಕೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಆ ನೆಲಕ್ಕೆ ಹಾಳೆಯೇ ಬೇಕಾಗಿತ್ತೆ, ಒಂದು ಹಿಡಿ ಬೀಜ ಸಾಕಾಗುತ್ತಿರಲಿಲ್ಲವೆ?

ಬೆಳೆದು ನಿಂತ ಹುಲ್ಲನ್ನು ಬೇರು ಮತ್ತು ಮಣ್ಣಿನ ಸಮೇತ ಕತ್ತರಿಸಿ ತಂದು ಹಾಸುವುದು ಒಂದು ಕ್ರಮ. ವ್ಯಾಪಾರದ ಮಾತಿನಲ್ಲಿ ಇದನ್ನು ಕಾರ್ಪೆಟ್ ಎನ್ನುವುದುಂಟು. ಇಲ್ಲಿ ಹಾಳೆ ಎಂದು ಕರೆಯಲಾಗಿದೆ. ನೆಲವನ್ನು ಹದಮಾಡಿ ಬೀಜ ಎರಚಿ ಹುಲ್ಲು ಬೆಳೆಸುವುದು ಇನ್ನೊಂದು ಕ್ರಮ. ಇವೆರಡರ ನಡುವಿನ ಆಯ್ಕೆಯನ್ನು ಬೆಲೆಯ ಪ್ರಶ್ನೆಯೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಇದು ನಷ್ಟದ ಹೊಣೆ ಯಾರದು ಎಂಬ ಪ್ರಶ್ನೆ. ಹಾಳೆಯನ್ನು ಮಾರಿದವನಿಗೆ ಅಂದೇ ಹಣ ಬರುತ್ತದೆ. ಅದು ಬೇರು ಬಿಡುವುದೋ ಒಣಗುವುದೋ ಎಂಬುದು ಕೊಂಡವನ ಪಾಲಿಗೆ ಉಳಿಯುತ್ತದೆ. ಬಿಸಿಲು ಬೀಳುವ ಸಾಧಾರಣ ಮನೆಯಂಗಳಕ್ಕೆ ಬೀಜವನ್ನೇ ಮೊದಲು ಸೂಚಿಸುವುದು, ಹಾಳೆಯನ್ನು ಅದು ನಿಜವಾಗಿ ಬೇಕಾದ ಕಡೆಗೆ ಮಾತ್ರ ಮಾರುವುದು, ಯಾವುದನ್ನು ಮಾರಿದರೂ ಅದರ ವಿವರವನ್ನು ಬರೆದು ಕೊಡುವುದು: ಈ ಪದ್ಧತಿಗೆ ವರ್ತಕರು ಬಂದಲ್ಲದೆ ಈ ವ್ಯಾಪಾರ ಬಹುಕಾಲ ಮರ್ಯಾದೆಯಿಂದ ನಿಲ್ಲಲಾರದು.

ಮೊದಲು ತೂಕದ ಲೆಕ್ಕವನ್ನೇ ತೆಗೆದುಕೊಳ್ಳಬಹುದು. 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ 300 ಚದರ ಅಡಿ, ಅಂದರೆ ಸುಮಾರು 28 ಚದರ ಮೀಟರ್ ಹುಲ್ಲುಹಾಸು ಬೇಕೆಂದು ಇಟ್ಟುಕೊಳ್ಳೋಣ. ಕೈಯಿಂದ ಕತ್ತರಿಸಿದ ಹಾಳೆಯಲ್ಲಿ ಎರಡೂವರೆ ಸೆಂಟಿಮೀಟರ್ ಮಣ್ಣು ಇದ್ದರೂ ಅಷ್ಟು ಜಾಗಕ್ಕೆ ಹತ್ತಿರ ಹತ್ತಿರ ಒಂದು ಟನ್ ಮಣ್ಣು ಬರುತ್ತದೆ. ಮುಕ್ಕಾಲು ಟನ್ ಹೊರುವ ಮಿನಿ ಲಾರಿಗೆ ಅದು ಒಂದು ಲೋಡಿಗಿಂತ ಹೆಚ್ಚು. ಅದೇ ಜಾಗಕ್ಕೆ ಚದರ ಮೀಟರಿಗೆ 5ರಿಂದ 10 ಗ್ರಾಂನಂತೆ ಗರಿಕೆಯ ಬೀಜ ಬಿತ್ತಿದರೆ ಬೇಕಾಗುವುದು 140ರಿಂದ 280 ಗ್ರಾಂ. ಒಂದು ಅಂಗಿಯ ಜೇಬಿನಲ್ಲಿ ಹಿಡಿಸುವ ಸರಕು. ಬಾಡಿಗೆ, ಆಳು, ಡೀಸೆಲ್ಲು ಎಲ್ಲವನ್ನೂ ಲೆಕ್ಕ ಹಾಕಿ ಬೆಳೆದ ವರ್ತಕರಿಗೆ ಈ ವ್ಯತ್ಯಾಸವನ್ನು ವಿವರಿಸುವ ಅಗತ್ಯವಿಲ್ಲ.

ಬೀಜದ ಮಾತು ಬಂದಾಗ ಗರಿಕೆಯನ್ನೇ ಹೆಸರಿಸಲು ಕಾರಣವಿದೆ. ಚೌತಿಯ ದಿನ ಗಣಪತಿಗೆ ಏರಿಸುವ ಗರಿಕೆಯೂ ಅಂಗಡಿಯಲ್ಲಿ ಬರ್ಮುಡಾ ಎಂಬ ಹೆಸರಿನಿಂದ ಮಾರಾಟವಾಗುವ ಹುಲ್ಲೂ ಒಂದೇ ಪ್ರಭೇದ. ಸಸ್ಯಶಾಸ್ತ್ರದಲ್ಲಿ ಸೈನೊಡಾನ್ ಡ್ಯಾಕ್ಟಿಲಾನ್. ಹೊಲದಲ್ಲಿ ಅದು ರೈತನ ವೈರಿ, ಅಂಗಳದಲ್ಲಿ ಅದೇ ಬಂಧು. ಬಿಸಿಲಿಗೆ ಹೆದರದು, ತುಳಿತಕ್ಕೆ ಬಗ್ಗದು, ಒಂದು ಬೇಸಿಗೆ ನೀರಿಲ್ಲದೆ ಕಂದಿದರೂ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಬೀಜ ಅತಿ ಸಣ್ಣದು. ಒಂದು ಕಿಲೋಗ್ರಾಂನಲ್ಲಿ 30 ಲಕ್ಷಕ್ಕೂ ಹೆಚ್ಚು ಕಾಳುಗಳಿರುತ್ತವೆ. ಹೊಟ್ಟು ತೆಗೆದ ಬೀಜ ಹದವಾದ ತೇವ ಮತ್ತು ಬೆಚ್ಚಗಿನ ಮಣ್ಣು ಸಿಕ್ಕರೆ ಒಂದರಿಂದ ಎರಡು ವಾರಗಳಲ್ಲಿ ಮೊಳೆಯುತ್ತದೆ. ಹೊಟ್ಟು ಉಳಿದ ಬೀಜ ಇನ್ನೂ ತಡಮಾಡುತ್ತದೆ. ನೆಲ ಪೂರ್ತಿ ಮುಚ್ಚಲು ಎರಡು ಮೂರು ತಿಂಗಳು ಬೇಕು.

ಈ ಎರಡು ಮೂರು ತಿಂಗಳುಗಳೇ ಬೀಜದ ವ್ಯಾಪಾರಕ್ಕೆ ಶತ್ರು. ಗ್ರಾಹಕರಿಗೆ ಕಾಯುವ ಮನಸ್ಸಿಲ್ಲ ಎಂದು ನರ್ಸರಿಯವರು ಹೇಳುತ್ತಾರೆ. ಅದು ಸುಳ್ಳಲ್ಲ. ಬೀಜ ಮೊಳೆಯದಿದ್ದರೆ ದೂರು ಅಂಗಡಿಗೆ ಬರುತ್ತದೆ. ಹಾಳೆ ಒಣಗಿದರೆ ದೂರು ಮಾಲಿಯ ಮೇಲೆ ಬೀಳುತ್ತದೆ. ವ್ಯಾಪಾರಿಯ ದೃಷ್ಟಿಯಿಂದ ಹಾಳೆಯೇ ಸುರಕ್ಷಿತ. ಆದರೆ ಈ ಸುರಕ್ಷತೆ ಎಷ್ಟು ದಿನದ್ದು ಎಂಬುದನ್ನು ಯೋಚಿಸಬೇಕು. ಎರಡು ಬಾರಿ ಹಾಳೆ ಹಾಸಿಸಿ ಎರಡು ಬಾರಿಯೂ ಕಳೆದುಕೊಂಡ ಗೃಹಸ್ಥ ಮೂರನೆಯ ಬಾರಿ ನರ್ಸರಿಗೆ ಬರುವುದಿಲ್ಲ. ಅಂಗಳಕ್ಕೆ ಕಾಂಕ್ರೀಟು ಹಾಕಿಸುತ್ತಾನೆ, ಇಲ್ಲವೇ ಪ್ಲಾಸ್ಟಿಕ್ ಹುಲ್ಲು ಹಾಸಿಸುತ್ತಾನೆ. ಎರಡರಲ್ಲಿ ಯಾವುದಾದರೂ ಸರಿ, ಜೀವಂತ ಹುಲ್ಲಿನ ವ್ಯಾಪಾರ ಆ ಮನೆಯ ಮಟ್ಟಿಗೆ ಮುಗಿದಂತೆಯೇ.

ಹಾಳೆ ಏಕೆ ಸೋಲುತ್ತದೆ? ಹುಲ್ಲಿನ ದೋಷಕ್ಕಿಂತ ಕೆಳಗಿನ ನೆಲದ ದೋಷವೇ ಹೆಚ್ಚು. ಹೊಸ ಮನೆಯ ಸುತ್ತಲಿನ ಮಣ್ಣು ಮಣ್ಣೇ ಆಗಿರುವುದಿಲ್ಲ. ಪಾಯದಿಂದ ತೆಗೆದ ಅಡಿಮಣ್ಣು, ಇಟ್ಟಿಗೆಯ ಚೂರು, ಗಾರೆಯ ಉಂಡೆ, ಟೈಲ್ಸಿನ ತುಂಡು, ಸಿಮೆಂಟು ಕಲಸಿದ ಜಾಗದ ಗಟ್ಟಿ ಹೆಪ್ಪಳಿಕೆ, ಅದರ ಮೇಲೆ ಆರು ತಿಂಗಳು ಲಾರಿ ಓಡಾಡಿದ ಒತ್ತಡ ಎಲ್ಲವೂ ಅಲ್ಲಿರುತ್ತದೆ. ಇಂಥ ನೆಲವನ್ನು ಕನಿಷ್ಠ 20ರಿಂದ 30 ಸೆಂಟಿಮೀಟರ್ ಅಗೆದು, ಕಲ್ಲು ಆರಿಸಿ, ಕೊಳೆತ ಗೊಬ್ಬರ ಸೇರಿಸಿ, ಮಟ್ಟಮಾಡಿ, ಒಂದೆರಡು ಬಾರಿ ನೀರುಣಿಸಿ ಕಳೆ ಮೊಳೆಯಲು ಬಿಟ್ಟು ಕಿತ್ತು, ಆ ಬಳಿಕವೇ ಹುಲ್ಲಿಗೆ ಕೈ ಹಾಕಬೇಕು. ಬೀಜ ಬಿತ್ತುವವನಿಗೆ ಈ ಕೆಲಸದಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕೆಟ್ಟ ನೆಲದಲ್ಲಿ ಬೀಜ ಮೊಳೆಯುವುದೇ ಇಲ್ಲವಾದ್ದರಿಂದ ತಪ್ಪು ಹದಿನೈದು ದಿನದಲ್ಲಿ ಬಯಲಾಗುತ್ತದೆ. ಹಾಳೆಯ ಗುಣವೇ ಬೇರೆ. ಅದು ತನ್ನ ಮಣ್ಣನ್ನು ತಾನೇ ಹೊತ್ತು ತರುತ್ತದೆ, ಅದರ ಬಲದ ಮೇಲೆ ಕೆಲವು ವಾರ ಹಸಿರಾಗಿ ನಿಲ್ಲುತ್ತದೆ. ಕೆಳಗೆ ಗಾರೆಯಿದ್ದರೂ ಮೇಲೆ ಹಸಿರು ಕಾಣುತ್ತದೆ. ಗುತ್ತಿಗೆದಾರರ ಹಣ ಸಂದಾಯವಾಗಿ, ಅವರ ಫೋನು ಬದಲಾದ ಮೇಲೆ ಹುಲ್ಲು ಹಳದಿಯಾಗಲು ಆರಂಭವಾಗುತ್ತದೆ. ನೆಲ ಹದಮಾಡುವ ಖರ್ಚನ್ನು ಹಾಳೆ ತಪ್ಪಿಸುತ್ತದೆ ಎಂಬ ನಂಬಿಕೆ ಈ ವ್ಯಾಪಾರದಲ್ಲಿ ಬೇರೂರಿದೆ, ಅದು ತಪ್ಪು. ಬೀಜಕ್ಕೆ ಎಷ್ಟು ಹದ ಬೇಕೋ ಹಾಳೆಗೂ ಅಷ್ಟೇ ಹದ ಬೇಕು.

ಮಣ್ಣು ಮಣ್ಣಿಗೆ ಒಗ್ಗದಿರುವುದು ಇನ್ನೊಂದು ಕಷ್ಟ. ಕೆಂಪು ಮಣ್ಣಿನಲ್ಲಿ ಬೆಳೆದ ಹಾಳೆಯನ್ನು ವಿಜಯಪುರ, ಕಲಬುರಗಿಯ ಎರೆ ಭೂಮಿಯ ಮೇಲೆ ಹಾಸಿದರೆ ಎರಡರ ನಡುವೆ ಒಂದು ಗಡಿ ನಿರ್ಮಾಣವಾಗುತ್ತದೆ. ನೀರು ಆ ಗಡಿಯಲ್ಲಿ ತಡೆದು ನಿಲ್ಲುತ್ತದೆ, ಬೇರು ಕೆಳಗಿಳಿಯಲು ಹಿಂಜರಿಯುತ್ತದೆ. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಟ್ಟಾಗ ಹಾಳೆಯ ಅಂಚುಗಳು ಮೇಲೇಳುತ್ತವೆ. ಬೀಜದಿಂದ ಹುಟ್ಟಿದ ಗರಿಕೆಗೆ ಇಂಥ ಗಡಿಯಿಲ್ಲ. ಅದು ಮೊದಲ ದಿನದಿಂದಲೇ ಆ ನೆಲದ ಮಗು. ಹಾಳೆಯ ಜೊತೆಗೆ ಕರೆಯದ ಅತಿಥಿಗಳೂ ಬರುತ್ತಾರೆ. ಕೊನ್ನಾರಿ ಗಡ್ಡೆ ಒಮ್ಮೆ ಅಂಗಳ ಹೊಕ್ಕರೆ ಅದನ್ನು ಹೊರಹಾಕುವುದು ಎಷ್ಟು ಕಷ್ಟವೆಂಬುದು ತೋಟ ಮಾಡಿದವರಿಗೆಲ್ಲ ತಿಳಿದಿದೆ. ಪಾರ್ಥೇನಿಯಂ ಬೀಜ, ಗೊಣ್ಣೆಹುಳು, ಗೆದ್ದಲು ಮಣ್ಣಿನೊಳಗೆ ಅಡಗಿ ಪ್ರಯಾಣ ಮಾಡುತ್ತವೆ.

ಇಲ್ಲಿಯವರೆಗಿನ ಮಾತು ಕೊಳ್ಳುವವರ ನಷ್ಟದ್ದು. ಹಾಳೆ ಬೆಳೆಯುವ ಹೊಲದ ಕಡೆಗೂ ಒಮ್ಮೆ ನೋಡಬೇಕು. ಒಂದು ಎಕರೆಯಿಂದ ಎರಡೂವರೆ ಸೆಂಟಿಮೀಟರ್ ದಪ್ಪದ ಹಾಳೆಗಳನ್ನು ಎತ್ತಿದರೆ ಸುಮಾರು 100 ಘನ ಮೀಟರ್ ಮೇಲ್ಮಣ್ಣು ಹೋಗುತ್ತದೆ. ತೂಕದಲ್ಲಿ ಹತ್ತಿರ ಹತ್ತಿರ 150 ಟನ್. ಅದು ಒಂದು ಕಟಾವಿನ ಲೆಕ್ಕ. ಒಂದು ಸೆಂಟಿಮೀಟರಿಗೆ ಇಳಿಸಿ ತೆಳುವಾಗಿ ಕತ್ತರಿಸಿದರೆ 40 ಘನ ಮೀಟರಿಗೆ ಇಳಿಯುತ್ತದೆ, ಬೇರಿನ ಜಾಲ ಒಂದಷ್ಟು ಸಾವಯವ ಅಂಶವನ್ನು ಹಿಂದಿರುಗಿಸುತ್ತದೆ ಎಂಬುದೂ ನಿಜ. ಆದರೆ ಗುದ್ದಲಿ, ಸಲಿಕೆಗಳಿಂದ ಕತ್ತರಿಸುವಾಗ ತೆಳುವಾದ ಹಾಳೆ ಹರಿಯುತ್ತದೆಂಬ ಭಯದಿಂದ ದಪ್ಪ ಹೆಚ್ಚುತ್ತಲೇ ಹೋಗುತ್ತದೆ. ಮಣ್ಣು ಹುಟ್ಟಲು ಬೇಕಾದ ಕಾಲವನ್ನು ಯಾವ ರೈತನೂ ತನ್ನ ಆಯುಷ್ಯದಲ್ಲಿ ಕಾಣಲಾರ. ಕೆರೆಗೋಡು, ಮೇಲ್ಮಣ್ಣು ಎಂದು ಒಂದು ಕಡೆ ಲಾರಿ ಲೆಕ್ಕದಲ್ಲಿ ಹಣ ಕೊಟ್ಟು ತರಿಸುವ ಜನ ಇನ್ನೊಂದು ಕಡೆ ಹುಲ್ಲಿನ ನೆಪದಲ್ಲಿ ಅದನ್ನೇ ಕಿತ್ತು ಕಳಿಸುವುದು ವಿಚಿತ್ರ ವಾಣಿಜ್ಯ.

ನೀರಿನ ವಿಷಯವನ್ನು ಬೆಂಗಳೂರಿನ ವರ್ತಕರು ಮರೆಯುವಂತಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯಲೂ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಪ್ರಕಟಿಸಿತು. 2025ರ ಫೆಬ್ರವರಿಯಲ್ಲಿ ಅಂಥದೇ ಆದೇಶ ಮತ್ತೆ ಹೊರಬಂದಿತು. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ ನಾಲ್ಕು ಮಿಲಿಮೀಟರ್ ನೀರು ಎಂದು ಹಿಡಿದರೂ 1,000 ಚದರ ಅಡಿಗೆ 370 ಲೀಟರ್ ಬೇಕಾಗುತ್ತದೆ. ನಗರದ ಒಬ್ಬ ನಿವಾಸಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದೊಂದಿಗೆ ಇದನ್ನು ಹೋಲಿಸಿದರೆ ಹುಲ್ಲುಹಾಸು ಮನೆಯ ಸದಸ್ಯರ ಪಟ್ಟಿಗೆ ಸುಮಾರು ಮೂವರನ್ನು ಸೇರಿಸಿದಂತೆ. ಬೆಳೆದು ನಿಂತ ಮೇಲೆ ಬೀಜದ ಹುಲ್ಲಿಗೂ ಹಾಳೆಯ ಹುಲ್ಲಿಗೂ ಈ ಅಗತ್ಯದಲ್ಲಿ ಭೇದವಿಲ್ಲ. ಭೇದವಿರುವುದು ಕಾಲದಲ್ಲಿ. ಹಾಳೆಯನ್ನು ಮಾರುಕಟ್ಟೆ ವರ್ಷವಿಡೀ ಮಾರುತ್ತದೆ. ಮಾರ್ಚ್‌ನಲ್ಲಿ ಹಾಸಿದ ಹಾಳೆಗೆ ಮೊದಲ ಎರಡು ಮೂರು ವಾರ ನೀರು ತಪ್ಪಿದರೆ ಬೇರು ಹಿಡಿಯದೆ ಸಾಯುತ್ತದೆ. ಬೀಜದ ಪೊಟ್ಟಣವಾದರೋ ಕಪಾಟಿನಲ್ಲಿ ಕುಳಿತು ಮಳೆಗಾಗಿ ಕಾಯಬಲ್ಲದು.

ಆ ಮಳೆ ಯಾವುದು ಎಂಬುದೂ ಮುಖ್ಯ. ಬೆಂಗಳೂರು, ಮೈಸೂರು, ತುಮಕೂರಿನ ಬಯಲುಸೀಮೆಯಲ್ಲಿ ಮೃಗಶಿರ, ಆರಿದ್ರ ಮಳೆಗಳ ಕಾಲ, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ಮೊದಲ ವಾರದವರೆಗೆ, ಬಿತ್ತನೆಗೆ ಪ್ರಶಸ್ತ. ನೆಲ ಬೆಚ್ಚಗಿರುತ್ತದೆ, ಆಕಾಶ ಮೋಡವಾಗಿರುತ್ತದೆ, ಮಳೆ ಜಡಿಯದೆ ಚಿಮುಕಿಸುತ್ತದೆ. ಸೆಪ್ಟೆಂಬರಿನ ಉತ್ತರೆ ಮಳೆ ಹಾಗಲ್ಲ. ಒಂದೇ ರಾತ್ರಿ ಸುರಿದು ಬೀಜವನ್ನೆಲ್ಲ ಚರಂಡಿಗೆ ಸೇರಿಸಬಲ್ಲದು. ಕರಾವಳಿ ಮತ್ತು ಮಲೆನಾಡಿನ ಲೆಕ್ಕ ಪೂರ್ತಿ ತಿರುವುಮುರುವು. ಮಂಗಳೂರಿನ ಜೂನ್ ಮಳೆಗೆ ಬೀಜ ಎರಚುವುದು ಹೊಳೆಗೆ ಎರಚಿದಂತೆಯೇ. ಅಲ್ಲಿ ಮಳೆ ತಗ್ಗಿದ ಅಕ್ಟೋಬರ್‌ವರೆಗೆ ತಾಳಬೇಕು, ಅಥವಾ ಹಾಳೆಯನ್ನೇ ಹಾಸಬೇಕು. ಇಡೀ ರಾಜ್ಯಕ್ಕೆ ಒಂದೇ ಸಲಹೆಯನ್ನು ಮುದ್ರಿಸಿದ ಕರಪತ್ರ ಯಾರಿಗೂ ಉಪಯೋಗಕ್ಕೆ ಬಾರದು.

ಬಿತ್ತುವ ಕೈಗೆ ಸ್ವಲ್ಪ ತಾಳ್ಮೆ ಬೇಕು. ಬೀಜಕ್ಕೆ ನಾಲ್ಕೈದು ಪಾಲು ಒಣ ಮರಳು ಬೆರೆಸಿ, ಅರ್ಧವನ್ನು ಉದ್ದಕ್ಕೂ ಇನ್ನರ್ಧವನ್ನು ಅಡ್ಡಕ್ಕೂ ಎರಚಿದರೆ ಸಮನಾಗಿ ಬೀಳುತ್ತದೆ. ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋದ ಬೀಜ ಮೇಲೇಳುವುದು ಕಷ್ಟ. ಹಳೆಯ ಗೋಣಿ ಮುಚ್ಚಿದರೆ ತೇವ ಉಳಿಯುತ್ತದೆ, ಗುಬ್ಬಿ ಇರುವೆಗಳ ಕಾಟವೂ ತಗ್ಗುತ್ತದೆ. ಮೊಳಕೆ ಕಂಡ ದಿನ ಗೋಣಿ ತೆಗೆಯಬೇಕು. ಪೊಟ್ಟಣದ ಜೊತೆಗೆ ಕನ್ನಡದಲ್ಲಿ ಇಷ್ಟನ್ನು ಅಚ್ಚುಹಾಕಿಸಿ ಕೊಡಲು ಅಂಗಡಿಗೆ ಎಷ್ಟು ಖರ್ಚಾದೀತು?

ಇನ್ನು ಹಾಳೆಯ ಪರವಾಗಿ ಹೇಳಬೇಕಾದ್ದನ್ನು ಹೇಳದಿದ್ದರೆ ನ್ಯಾಯವಾಗದು. ಕರ್ನಾಟಕದ ನರ್ಸರಿಗಳಲ್ಲಿ ಮೆಕ್ಸಿಕನ್, ಕೊರಿಯನ್ ಎಂದು ಕರೆಯುವ ಮೃದುವಾದ, ದಟ್ಟವಾದ ಹುಲ್ಲುಗಳನ್ನು ಬೇರು ಸಹಿತವಾಗಿಯೇ ವೃದ್ಧಿಮಾಡುವುದು ರೂಢಿ. ಮೈದಾನಗಳಿಗೆ ಹೆಸರಾದ ಟಿಫ್‌ವೇ ಎಂಬ ಮಿಶ್ರತಳಿ 1960ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಿಂದ ಬಿಡುಗಡೆಯಾಯಿತು. ಎರಡು ಬೇರೆ ಪ್ರಭೇದಗಳ ಸಂಕರವಾದ ಅದು ಬಂಜೆ, ಅದಕ್ಕೆ ಬೀಜವೇ ಇಲ್ಲ. ಆದ್ದರಿಂದ ಟಿಫ್‌ವೇ ಬೀಜ ಎಂದು ಯಾರಾದರೂ ಪೊಟ್ಟಣ ತೋರಿಸಿದರೆ ಅದರೊಳಗೆ ಬೇರೇನೋ ಇದೆ ಎಂದೇ ಅರ್ಥ. ಇಳಿಜಾರು ನೆಲದಲ್ಲಿ ಬೀಜ ನಿಲ್ಲದು. ಅಲ್ಲಿ ಹಾಳೆಯನ್ನು ಬಿದಿರಿನ ಗೂಟ ಹೊಡೆದು ಕೂರಿಸುವುದೇ ಸರಿ. ಮಕ್ಕಳು, ನಾಯಿಗಳು ನಿರಂತರ ಓಡಾಡುವ ಅಂಗಳವನ್ನು ಮೂರು ತಿಂಗಳು ಮುಚ್ಚಿಡಲು ಆಗದು. ಮದುವೆ ಮಂಟಪ, ಹೋಟೆಲು, ಷೋರೂಮುಗಳಿಗೆ ದಿನಾಂಕವೇ ಮುಖ್ಯ. ಇಲ್ಲೆಲ್ಲ ಹಾಳೆ ತನ್ನ ಬೆಲೆಯನ್ನು ಸಂಪಾದಿಸಿಕೊಳ್ಳುತ್ತದೆ.

ನೆರಳಿನ ಅಂಗಳದ ಕಥೆ ಮಾತ್ರ ಬೇರೆ. ಗರಿಕೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅಕ್ಕಪಕ್ಕ ಮೂರು ನಾಲ್ಕು ಅಂತಸ್ತು ಎದ್ದ ಬಡಾವಣೆಗಳಲ್ಲಿ ಅಷ್ಟು ಬಿಸಿಲು ನೆಲ ಮುಟ್ಟುವ ಮನೆಗಳು ಕಡಿಮೆಯಾಗುತ್ತಿವೆ. ಬೀಜ ಬಿತ್ತಿದರೆ ತೆಳ್ಳಗೆ ಬಂದು ಮಾಯವಾಗುತ್ತದೆ. ಹಾಳೆ ಹಾಸಿದರೆ ಕೆಲವು ತಿಂಗಳು ನಿಂತು ನಂತರ ಮಾಯವಾಗುತ್ತದೆ. ಅದು ಬಾಡಿಗೆಗೆ ತಂದ ಹಸಿರು. ನೆರಳನ್ನು ತುಸು ತಾಳುವ ಬಫೆಲೋ ಹುಲ್ಲಿನಂಥವು ಇವೆಯಾದರೂ ಸೂರ್ಯನೇ ಬಾರದ ಓಣಿಯಲ್ಲಿ ಯಾವ ಹುಲ್ಲೂ ಬದುಕದು. ಅಂಥ ಕಡೆ ಹುಲ್ಲು ಬೇಡವೆಂದು ಹೇಳಿ, ನೆರಳಿನ ಗಿಡಗಳನ್ನು ಮಾರುವುದೇ ಯೋಗ್ಯ ವ್ಯಾಪಾರ. ಒಂದು ಮಾರಾಟ ಕೈತಪ್ಪಿದರೂ ಗಿರಾಕಿ ಕೈತಪ್ಪುವುದಿಲ್ಲ.

ಬೀಜ, ಹಾಳೆಗಳ ನಡುವೆ ಹಳೆಯದೊಂದು ಮೂರನೆಯ ದಾರಿಯಿದೆ. ಅದನ್ನು ಈಗಿನ ಗುತ್ತಿಗೆದಾರರು ಬೇಕೆಂದೇ ಮರೆತಂತೆ ಕಾಣುತ್ತದೆ. ಹಾಳೆಯನ್ನು ಇಡಿಯಾಗಿ ಹಾಸದೆ ಐದು ಸೆಂಟಿಮೀಟರಿನ ಚೂರುಗಳಾಗಿ ಕತ್ತರಿಸಿ, ಹದಿನೈದು ಸೆಂಟಿಮೀಟರಿಗೊಂದರಂತೆ ನೆಟ್ಟರೆ ಒಂದು ಚದರ ಅಡಿಯ ಹಾಳೆ ಒಂಬತ್ತು ಚದರ ಅಡಿಗೆ ಸಾಕಾಗುತ್ತದೆ. ಇನ್ನೂ ಹಳೆಯ ಕ್ರಮದಲ್ಲಿ ಗರಿಕೆಯ ಕುಡಿಗಳನ್ನು ಸಣ್ಣಗೆ ಕತ್ತರಿಸಿ, ಹಸಿ ಸಗಣಿ, ತೋಟದ ಮಣ್ಣು, ನೀರು ಬೆರೆಸಿ ಗಟ್ಟಿ ರಾಡಿಯಾಗಿ ಕಲಸಿ ನೆಲಕ್ಕೆ ಮೆತ್ತುತ್ತಾರೆ. ಸಗಣಿ ಸಾರಿಸಿ ರಂಗೋಲಿ ಇಡುತ್ತಿದ್ದ ಅಂಗಳಕ್ಕೆ ಇಂಗ್ಲಿಷರ ಲಾನು ಕಾಲಿಟ್ಟಾಗ ಮಾಲಿಗಳು ಈ ಉಪಾಯವನ್ನು ರೂಢಿಸಿಕೊಂಡದ್ದು ಸಹಜವೇ ಆಗಿದೆ. ಗರಿಕೆಯಾದರೆ ಎರಡು ಮೂರು ತಿಂಗಳಲ್ಲಿ ಹೆಣೆದುಕೊಳ್ಳುತ್ತದೆ. ಕೊರಿಯನ್ ಹುಲ್ಲು ನಿಧಾನಿ, ಅದಕ್ಕೆ ಆರು ತಿಂಗಳೂ ಸಾಲದಿರಬಹುದು. ಮೆಕ್ಸಿಕನ್ ಹುಲ್ಲೇ ಬೇಕು, ಆದರೆ ಹಣ ಕಡಿಮೆ ಎನ್ನುವ ಗಿರಾಕಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಮಾರಾಟವಾಗುವ ಸರಕು ಒಂಬತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ಕಾರಣಕ್ಕೇ ಈ ಉತ್ತರ ಅಂಗಡಿಯಲ್ಲಿ ಕೇಳಿಬರುವುದಿಲ್ಲವೇ ಎಂಬ ಸಂಶಯಕ್ಕೆ ಎಡೆಯಿದೆ. ಕೂಲಿಯ ಕೆಲಸ ಹೆಚ್ಚುವುದರಿಂದ ಗುತ್ತಿಗೆದಾರರಿಗೆ ಪೂರ್ತಿ ನಷ್ಟವೇನೂ ಆಗದು.

ಬೀಜದ ವ್ಯಾಪಾರವೂ ನಿಷ್ಕಳಂಕವಲ್ಲ. ಆನ್‌ಲೈನ್ ಮಾರಾಟದಲ್ಲಿ ಬಣ್ಣದ ಚಿತ್ರವಿರುವ, ಹುಲ್ಲಿನ ಸಸ್ಯಶಾಸ್ತ್ರೀಯ ಹೆಸರೂ ಇಲ್ಲದ, ಮೊಳಕೆಯ ಪ್ರಮಾಣವೂ ಇಲ್ಲದ ಪೊಟ್ಟಣಗಳು ಓಡಾಡುತ್ತವೆ. ಯುರೋಪು, ಉತ್ತರ ಅಮೆರಿಕಗಳ ತಂಪು ನಾಡಿಗೆ ಹೊಂದುವ ರೈ ಹುಲ್ಲು, ಫೆಸ್ಕ್ಯೂ, ಬ್ಲೂಗ್ರಾಸ್‌ಗಳ ಬೀಜವನ್ನು ಬಯಲುಸೀಮೆಯ ಗೃಹಸ್ಥನಿಗೆ ಮಾರಿದರೆ ಚಳಿಗಾಲದಲ್ಲಿ ಸೊಗಸಾಗಿ ಮೊಳೆತು ಏಪ್ರಿಲ್ ಬಿಸಿಲಿಗೆ ಸುಟ್ಟುಹೋಗುತ್ತದೆ. ಬೀಜಕ್ಕಿಂತ ಹಾಳೆ ಮೇಲೆಂದೋ, ಹಾಳೆಗಿಂತ ಬೀಜ ಮೇಲೆಂದೋ ವಿದೇಶಿ ಪುಸ್ತಕಗಳಲ್ಲಿ ಬರುವ ವಾದಗಳಲ್ಲಿ ಬಹುಪಾಲು ಆ ತಂಪು ನಾಡಿನ ಹುಲ್ಲುಗಳನ್ನು ಕುರಿತದ್ದು ಎಂಬುದನ್ನು ಇಲ್ಲಿ ನೆನಪಿಡಬೇಕು.

ಕೃಷಿ ಬೀಜದ ಕ್ಷೇತ್ರದಲ್ಲಿ ಇಂಥ ಗೊಂದಲಕ್ಕೆ ಕಾನೂನು ಬಹಳ ಹಿಂದೆಯೇ ಕೈಹಾಕಿದೆ. 1966ರ ಬೀಜ ಕಾಯ್ದೆಯ ಪ್ರಕಾರ ಅಧಿಸೂಚಿತ ಬೆಳೆಗಳ ಬೀಜ ಕನಿಷ್ಠ ಮೊಳಕೆ ಮತ್ತು ಶುದ್ಧತೆಯ ಮಟ್ಟವನ್ನು ತಲುಪಿರಬೇಕು, ಚೀಲದ ಮೇಲೆ ನಿಜವಾದ ವಿವರದ ಚೀಟಿ ಇರಬೇಕು. 1983ರ ಬೀಜ ನಿಯಂತ್ರಣ ಆದೇಶ ಬೀಜ ವರ್ತಕರಿಗೆ ಪರವಾನಗಿ, ದರಪಟ್ಟಿ ಪ್ರದರ್ಶನ, ರಸೀದಿಗಳನ್ನು ಕಡ್ಡಾಯಗೊಳಿಸಿತು. ಪೊಟ್ಟಣದಲ್ಲಿ ಬರುವ ಯಾವುದೇ ಚಿಲ್ಲರೆ ಸರಕಿಗೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುತ್ತವೆ. ಭತ್ತ, ರಾಗಿಯ ಬೀಜ ಮಾರುವವರು ಪಾಲಿಸುವ ಶಿಸ್ತನ್ನು ಹುಲ್ಲಿನ ಬೀಜ ಮಾರುವವರು ತಾವಾಗಿಯೇ ಪಾಲಿಸಲು ಅಡ್ಡಿಯೇನಿದೆ? ಹಾಳೆಗಂತೂ ಚೀಟಿಯೇ ಇಲ್ಲ. ಯಾವ ಹುಲ್ಲು, ಯಾವ ಊರಿನ ಹೊಲದ್ದು, ಯಾವ ದಿನ ಕತ್ತರಿಸಿದ್ದು ಎಂಬುದು ಲಾರಿಯ ಚಾಲಕನಿಗೂ ತಿಳಿದಿರುವುದಿಲ್ಲ. ಬೇಸಿಗೆಯಲ್ಲಿ ಕತ್ತರಿಸಿದ 24 ಗಂಟೆಯೊಳಗೆ ಹಾಸದಿದ್ದರೆ ಒಂದರ ಮೇಲೊಂದು ಪೇರಿಸಿದ ಹಾಳೆಗಳು ಒಳಗೇ ಕಾವೇರಿ ಹಾಳಾಗುತ್ತವೆ. ಹೀಗಿರುವಾಗ ಕತ್ತರಿಸಿದ ದಿನವೇ ಗೊತ್ತಿಲ್ಲದ ಸರಕಿಗೆ ಬೆಲೆ ಕಟ್ಟುವುದಾದರೂ ಹೇಗೆ? ಅಳತೆಯಲ್ಲಿಯೂ ಸಡಿಲವಿದೆ. ಒಂದು ಚದರ ಅಡಿ ಎಂದು ಎಣಿಸುವ ತುಂಡನ್ನು ಟೇಪು ಹಿಡಿದು ಅಳೆದವರು ವಿರಳ.

ಬಿಲ್ಲಿನ ಹಿಂದೆಯೇ ನಾಲ್ಕು ಸಾಲು ಬರೆದರೆ ಸಾಕು: ಹುಲ್ಲಿನ ಹೆಸರು, ಬೆಳೆದ ಸ್ಥಳ, ಕತ್ತರಿಸಿದ ದಿನ, ಚದರ ಮೀಟರಿನಲ್ಲಿ ಅಳತೆ, ಬೀಜವಾದರೆ ಮೊಳಕೆಯ ಶೇಕಡಾ ಪ್ರಮಾಣ ಮತ್ತು ಪರೀಕ್ಷಿಸಿದ ತಿಂಗಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಬಂದಾಗ ಇದೇ ಚೀಟಿ ವರ್ತಕರ ರಕ್ಷಣೆಗೂ ಒದಗುತ್ತದೆ. ನೆಲ ಹದಮಾಡಿದ್ದು ಯಾರ ಹೊಣೆ ಎಂಬುದನ್ನೂ ಅದರಲ್ಲೇ ಬರೆದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಸಣ್ಣ ಕೈಗಾರಿಕೆಗಳವರು ಈ ವಿಷಯದಲ್ಲಿ ಕೇವಲ ಗಿರಾಕಿಗಳಾಗಿ ಉಳಿಯಬೇಕಾಗಿಲ್ಲ. ಬೀಜದ ದೊಡ್ಡ ದೌರ್ಬಲ್ಯವೆಂದರೆ ಮಳೆಗೆ ಕೊಚ್ಚಿಹೋಗುವುದು, ಬಿಸಿಲಿಗೆ ಒಣಗುವುದು. ತೆಂಗಿನ ನಾರಿನ ತೆಳುವಾದ ಚಾಪೆಯೊಳಗೆ ಬೀಜವನ್ನು ಹೆಣೆದು ಸುರುಳಿಯಾಗಿ ಮಾರಿದರೆ ಆ ಎರಡೂ ಕಷ್ಟಗಳು ತಗ್ಗುತ್ತವೆ. ನೆಲದ ಮೇಲೆ ಬಿಚ್ಚಿ ಹಾಸಿ ನೀರು ಹಾಕಿದರೆ ಹುಲ್ಲು ನಾರಿನ ಸಂದಿನಲ್ಲಿ ಬೇರಿಳಿಸುತ್ತದೆ, ನಾರು ಕಾಲಕ್ರಮದಲ್ಲಿ ಕೊಳೆತು ಗೊಬ್ಬರವಾಗುತ್ತದೆ. ರಸ್ತೆ, ಕಾಲುವೆಗಳ ಇಳಿಜಾರಿನಲ್ಲಿ ಮಣ್ಣು ಕೊಚ್ಚದಂತೆ ನಾರಿನ ಜಾಲ ಹಾಸುವುದು ಹೊಸದೇನಲ್ಲ. ಅದನ್ನು ಮನೆಯಂಗಳದ ಅಳತೆಗೆ ತರುವುದಷ್ಟೇ ಉಳಿದಿದೆ. ಕೊಬ್ಬರಿಗೆ ಹೆಸರಾದ ತಿಪಟೂರು, ಅರಸೀಕೆರೆಗಳ ಸೀಮೆಯಲ್ಲಿ ನಾರಿಗೂ ಕೊರತೆಯಿಲ್ಲ, ನಾರು ತೆಗೆದ ಮೇಲೆ ಉಳಿಯುವ ಪುಡಿಗೂ ಕೊರತೆಯಿಲ್ಲ. ಆ ಪುಡಿಯನ್ನು ಮರಳು, ಗೊಬ್ಬರಗಳೊಂದಿಗೆ ಬೆರೆಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾಗಿ ಹರಡಿ ಅದರಲ್ಲಿ ಮೆಕ್ಸಿಕನ್ ಹುಲ್ಲು ಬೆಳೆಸಿದರೆ ಹೊಲದ ಮಣ್ಣನ್ನು ಮುಟ್ಟದೆ ಹಾಳೆ ಸಿದ್ಧವಾಗುತ್ತದೆ. ತೂಕ ಇಳಿಯುವುದರಿಂದ ಒಂದೇ ಲಾರಿಯಲ್ಲಿ ಹೆಚ್ಚು ಸರಕು ಹೋಗುತ್ತದೆ. ಕೊನ್ನಾರಿಯ ಕಾಟವೂ ಇರದು. ಹಾಳೆಯ ವ್ಯಾಪಾರವನ್ನೇ ಮಾಡುವೆನೆನ್ನುವವರು ಮಾಡಬೇಕಾದ ಬಂಡವಾಳ ಹೂಡಿಕೆ ಇದು.

ಕಾರ್ಖಾನೆಗಳ ಕಚೇರಿಯ ಮುಂದಿನ ಹುಲ್ಲುಹಾಸಿಗೆ ಮನೆಯ ಅಂಗಳಕ್ಕಿಲ್ಲದ ಒಂದು ಅನುಕೂಲವಿದೆ. ಶೌಚಾಲಯ ಮತ್ತು ಕ್ಯಾಂಟೀನಿನ ನೀರನ್ನು ಶುದ್ಧೀಕರಿಸುವ ಘಟಕವಿರುವ ಕಡೆ ಆ ನೀರನ್ನೇ ಹುಲ್ಲಿಗೆ ಬಿಡಬಹುದು; ಗರಿಕೆ ತುಸು ಉಪ್ಪನ್ನೂ ಸಹಿಸುತ್ತದೆ. ಅಂಥ ಕಡೆ ಎಕರೆಗಟ್ಟಲೆ ಹಾಳೆ ತರಿಸುವ ಬದಲು ಬೀಜ ಬಿತ್ತಿಸಿದರೆ ಉಳಿಯುವ ಹಣ ಲೆಕ್ಕಪತ್ರದಲ್ಲಿ ಎದ್ದು ಕಾಣುವಷ್ಟು ದೊಡ್ಡದು.

ಮೃಗಶಿರ ಮಳೆಯ ಬಿತ್ತನೆಗೆ ಬೀಜವನ್ನು ಏಪ್ರಿಲ್ ತಿಂಗಳಿನಲ್ಲಿಯೇ ತರಿಸಬೇಕಾಗುತ್ತದೆ. ವಿದೇಶದಿಂದ ಬರುವ ಬೀಜಕ್ಕೆ 2003ರ ಸಸ್ಯ ಸಂಪರ್ಕ ತಡೆ ಆದೇಶದಂತೆ ಆಮದು ಅನುಮತಿ, ಸಸ್ಯ ಆರೋಗ್ಯ ಪ್ರಮಾಣಪತ್ರಗಳು ಬೇಕಾಗುವುದರಿಂದ ಇನ್ನಷ್ಟು ಮುಂಚೆ ಏರ್ಪಾಡು ಮಾಡಬೇಕು. ಬಂದ ಮೇಲೆ ಚೀಲ ಬಿಚ್ಚಿ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಎರಡು ವಾರ ಬೆಚ್ಚಗಿಟ್ಟು ಮೊಳಕೆ ಎಣಿಸುವುದಕ್ಕೆ ಪ್ರಯೋಗಾಲಯವೇನೂ ಬೇಕಾಗಿಲ್ಲ. ಅರ್ಧಕ್ಕರ್ಧ ಮೊಳೆಯದ ಚೀಲವನ್ನು ಸರಬರಾಜುದಾರರಿಗೆ ಹಿಂದಿರುಗಿಸಲು ಮೇ ತಿಂಗಳು ಪೂರ್ತಿ ಕೈಯಲ್ಲಿರುತ್ತದೆ.